ಲೋಡ್ ವಾಪಸ್ ಬರುವ ಮೊದಲೇ ಸುದ್ದಿ ಬರಬೇಕು

ಕಾರ್ಕಳ ಕಡೆ ಗೇರುಬೀಜದ ಫ್ಯಾಕ್ಟರಿ ನಡೆಸುವ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅಪ್ಪನ ಕಾಲದಲ್ಲಿ ಎಲ್ಲವೂ ಕೈಕೆಲಸ. ಇವರು ಬಂದ ಎರಡು ವರ್ಷದೊಳಗೆ ಬೀಜ ಒಡೆಯುವ ಆಟೊಮ್ಯಾಟಿಕ್ ಮೆಷಿನ್, ತಿರುಳನ್ನು ಬಣ್ಣ ನೋಡಿ ಬೇರೆ ಮಾಡುವ ಕಲರ್ ಸಾರ್ಟರ್, ಆಫ್ರಿಕಾದ ಬೀಜ, ಮುಂಬೈಯ ಹೊಸ ಪಾರ್ಟಿ, ಎಲ್ಲ ಬಂದವು. ಈ ಮಳೆಗಾಲದಲ್ಲಿ ಒಂದು ಲೋಡ್ ವಾಪಸ್ ಬಂತು. ತುಂಡು ಜಾಸ್ತಿ, ಕೆಲವು ಟಿನ್‌ಗಳಲ್ಲಿ ತಿರುಳು ಮೆತ್ತಗೆ. ಅವರ ಪ್ರಶ್ನೆ: ಕ್ವಾಲಿಟಿ ಮ್ಯಾನೇಜರ್ ಒಬ್ಬರನ್ನು ಇಟ್ಟು ಐಎಸ್‌ಒ ಸರ್ಟಿಫಿಕೇಟ್ ಮಾಡಿಸಿದರೆ ಸರಿಹೋಗುತ್ತದಾ? ಹಳೆ ಮೇಸ್ತ್ರಿಯನ್ನು ಬಿಡಿಸಬೇಕಾ?

ಪ್ರಿಯರೇ,

ನಿಮ್ಮ ಪತ್ರದಲ್ಲಿ ನೀವು ಸುಮ್ನೆ ಬರೆದುಬಿಟ್ಟ ಒಂದು ಸಾಲಿದೆ: "ತುಂಡು ಜಾಸ್ತಿ ಬರ್ತಾ ಇದೆ ಅಂತ ಮೆಷಿನ್ ಹತ್ತಿರದ ಅಕ್ಕನಿಗೆ ಮೊದಲೇ ಗೊತ್ತಿತ್ತಂತೆ, ಹೇಳಲೇ ಇಲ್ಲ." ನೀವು ಇದನ್ನು ದೂರಿನ ಹಾಗೆ ಬರೆದಿದ್ದೀರಿ. ನನಗೆ ಕಂಡಂತೆ ನಿಮ್ಮ ಇಡೀ ಸಮಸ್ಯೆ ಅಲ್ಲೇ ಇದೆ. ನಿಮ್ಮ ಫ್ಯಾಕ್ಟರಿಯ ಸುದ್ದಿ ನಿಮಗೆ ಮುಂಬೈಯಿಂದ ಬಂತು, ಅಂಗಳದ ಆಚೆ ಬದಿಯಿಂದ ಬರಲಿಲ್ಲ.

ಆಕೆ ಯಾಕೆ ಹೇಳಲಿಲ್ಲ? ಬೀಜದ ಫ್ಯಾಕ್ಟರಿಗಳಲ್ಲಿ ಹೆಚ್ಚಿನ ಕೆಲಸಕ್ಕೆ ಕೂಲಿ ಕಿಲೋ ಲೆಕ್ಕದಲ್ಲಿ. ಮೆಷಿನ್ ನಿಂತರೆ ನಷ್ಟ ಆಕೆಗೆ, ಅವಳ ಹಿಂದೆ ಒಳಸಿಪ್ಪೆ ತೆಗೆಯಲು ಕೂತವರಿಗೆ. ಮೇಲಿಂದ ಮೇಸ್ತ್ರಿಯ ಬೈಗುಳ ಬೇರೆ. ಹೀಗಿರುವಾಗ ಧಣಿಗಳ ಹತ್ತಿರ ಹೋಗಿ "ಮೆಷಿನ್ ಸರಿ ಇಲ್ಲ" ಅನ್ನುವಷ್ಟು ಪೆದ್ದುತನ ಯಾರು ಮಾಡುತ್ತಾರೆ ಮಾರಾಯ್ರೆ? ಜಪಾನಿನ ಟೊಯೋಟಾದಲ್ಲಿ ಕೆಲಸದ ಸಾಲಿನಲ್ಲಿ ಒಂದು ಹಗ್ಗ ಇರುತ್ತದೆ, ತಪ್ಪು ಕಂಡವರು ಯಾರೇ ಆದರೂ ಎಳೆಯಬಹುದು, ಮೇಲಿನವರು ಓಡಿ ಬಂದು ನೋಡಬೇಕು, ಸರಿಯಾಗದಿದ್ದರೆ ಸಾಲೇ ನಿಲ್ಲುತ್ತದೆ. ಇದನ್ನು ಕೇಳಿ ಹಗ್ಗ ಕಟ್ಟಿದವರು ಬೇಕಾದಷ್ಟು ಜನ. ಎಳೆದವರ ಕೂಲಿ ಕಡಿಯದೆ ಇದ್ದವರು ಕಡಿಮೆ. ನಿಲ್ಲಿಸಿದ ಹೊತ್ತಿಗೂ ದುಡ್ಡು ಕೊಡುತ್ತೇನೆ ಎಂದು ನೀವೇ ಎದುರು ನಿಂತು ಹೇಳಿ, ಮೊದಲ ಸಲ ನಿಲ್ಲಿಸಿದಾಗ ಕೊಟ್ಟು ತೋರಿಸಿ. ಅಲ್ಲಿಯವರೆಗೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಇನ್ನು ತುಂಡು ಮತ್ತು ಮೆತ್ತಗಾದದ್ದು. ನೀವು ಎರಡನ್ನೂ ಸೇರಿಸಿ "ಕ್ವಾಲಿಟಿ ಬಿದ್ದಿದೆ" ಎಂದಿದ್ದೀರಿ. ಎರಡೂ ಬೇರೆ ಬೇರೆ ಜಾಗದಲ್ಲಿ ಹುಟ್ಟುವ ತೊಂದರೆಗಳು. ಮೆಷಿನ್‌ನ ಬ್ಲೇಡು ಒಂದು ಸೈಜಿಗೆ ಕೂರಿಸಿದ್ದು. ಬೀಜವನ್ನು ಮೊದಲೇ ಸೈಜ್ ಪ್ರಕಾರ ಬೇರೆ ಮಾಡದೆ ಸುರಿದರೆ ಸಣ್ಣದು ಒಡೆಯದೆ ದಾಟುತ್ತದೆ, ದೊಡ್ಡದರ ತಿರುಳಿಗೇ ಏಟು ಬೀಳುತ್ತದೆ. ಊರಿನ ಬೀಜಕ್ಕೆ ಹೊಂದಿಸಿದ್ದು ಆಫ್ರಿಕಾದ ಬೀಜಕ್ಕೆ ಹೊಂದಲೇಬೇಕೆಂದಿಲ್ಲ. ಬೊರ್ಮಾದಲ್ಲಿ, ಅಂದರೆ ತಿರುಳು ಒಣಗಿಸುವ ಬಿಸಿ ಗೂಡಿನಲ್ಲಿ, ಒಣಗಿಸಿದ್ದು ಜಾಸ್ತಿಯಾದರೂ ತಿರುಳು ಗರಿಯಾಗಿ ಒಳಸಿಪ್ಪೆ ತೆಗೆಯುವಾಗ ಮುರಿಯುತ್ತದೆ. ಮೆತ್ತಗಾಗುವುದು ಆಮೇಲಿನ ಕಥೆ. ಪ್ಯಾಕ್ ಮಾಡುವಾಗ ತಿರುಳಿನಲ್ಲಿ ತೇವ ಶೇಕಡಾ 5 ದಾಟಬಾರದು. ನಮ್ಮ ಜೂನ್-ಜುಲೈ ಗಾಳಿಯಲ್ಲಿ ಟ್ರೇ ತೆರೆದಿಟ್ಟು ಟಿನ್‌ಗೆ ಕಾದರೆ ಅದು ದಾಟದೆ ಇರುತ್ತದಾ? ಕಲರ್ ಸಾರ್ಟರ್ ಬಂದ ಮೇಲೆ ಅದರ ಮುಂದೆ ತಿರುಳು ಎಷ್ಟು ಹೊತ್ತು ಕಾಯುತ್ತಿದೆ, ಅದನ್ನು ಮೊದಲು ನೋಡಿ.

ಇಷ್ಟೆಲ್ಲ "ಇರಬಹುದು" ಎಂದೇ ಬರೆಯಬೇಕಾಗಿ ಬಂದದ್ದು ಯಾಕೆಂದರೆ ನೀವು ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದೀರಿ. ಮೆಷಿನ್, ಬೀಜ, ಜನ, ಕೊಳ್ಳುವವರು. ಯಾವುದರಿಂದ ಏನಾಯಿತು ಎಂದು ಈಗ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಪೇಟೆ ಕಾಯುವುದಿಲ್ಲ ಎನ್ನುತ್ತೀರಿ, ನಿಜ. ಆದರೂ ಒಂದು ಬದಲಾವಣೆ ಕೂತ ಮೇಲೆ ಇನ್ನೊಂದಕ್ಕೆ ಕೈ ಹಾಕಿ. ಕೂತಿದೆಯಾ ಎಂದು ತಿಳಿಯಲು ಗೋಡೆಯ ಮೇಲೆ ದಿನಕ್ಕೊಂದು ಅಂಕಿ ಸಾಕು: ಇವತ್ತು ನೂರಕ್ಕೆ ಎಷ್ಟು ಇಡೀ ತಿರುಳು ಬಂತು. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಟೆಲಿಫೋನ್ ಉಪಕರಣಗಳ ತಯಾರಿಕೆಗೆ ಇಂಥದ್ದೇ ನಕ್ಷೆ ಮಾಡಿಕೊಟ್ಟರು. ಅಂಕಿ ದಿನಾ ಸ್ವಲ್ಪ ಏರಿಳಿಯುತ್ತದೆ, ಅದಕ್ಕೆಲ್ಲ ಯಾರನ್ನೂ ಬೈಯಬೇಡಿ. ಎಂದಿನ ಏರಿಳಿತದ ಗೆರೆ ದಾಟಿ ಬಿದ್ದ ದಿನ ಮಾತ್ರ ಎದ್ದು ಹೋಗಿ ಕಾರಣ ಹುಡುಕಿ.

ಕ್ವಾಲಿಟಿ ಮ್ಯಾನೇಜರ್ ವಿಚಾರದಲ್ಲಿ ನನ್ನ ಉತ್ತರ ಸದ್ಯಕ್ಕೆ ಬೇಡ ಎಂದೇ. ಕೊನೆಯಲ್ಲಿ ನಿಂತು ಆರಿಸುವವನು ತುಂಡನ್ನು ಬೇರೆ ಮಾಡುತ್ತಾನೆ, ಇಡಿ ಮಾಡುವುದಿಲ್ಲ. ಅವನು ಬಂದ ಕೂಡಲೇ ಉಳಿದವರೆಲ್ಲ "ಅದು ಅವರ ಕೆಲಸ" ಎನ್ನುತ್ತಾರೆ. ಐಎಸ್‌ಒ 9001 ಬೇಕಾದರೆ ಮಾಡಿಸಿ, ಪಾರ್ಟಿ ಕೇಳಿದರೆ ಮಾಡಿಸಲೇಬೇಕು. ಆದರೆ 2015ರ ಆವೃತ್ತಿಯಲ್ಲಿ ದಪ್ಪದ ಕ್ವಾಲಿಟಿ ಮ್ಯಾನ್ಯುಯಲ್ ಕಡ್ಡಾಯವಲ್ಲ, ಅದಕ್ಕೆಂದೇ ಒಬ್ಬ ಪ್ರತಿನಿಧಿಯನ್ನು ನೇಮಿಸುವುದೂ ಕಡ್ಡಾಯವಲ್ಲ. ಜವಾಬ್ದಾರಿ ನೇರ ಮೇಲಿನವರದ್ದು, ಬದಲಾವಣೆಯನ್ನು ಯೋಚಿಸಿ ಮಾಡಿ ಎಂದು ಅದರಲ್ಲೇ ಇದೆ. ಫೈಲು ಬರೆಸಿಕೊಡುವವರು ಇದನ್ನು ನಿಮಗೆ ಹೇಳಲಿಕ್ಕಿಲ್ಲ.

"ದೊಡ್ಡವರಿಗೆ ಮಾತ್ರ ಇದೆಲ್ಲ" ಎಂದಿದ್ದೀರಿ. ಪಕ್ಕದ ಕ್ಯಾಂಪ್ಕೋ ನೋಡಿ. ಅಡಿಕೆ ಬೆಲೆ ಕುಸಿದು ಬೆಳೆಗಾರರು ಕಂಗಾಲಾಗಿದ್ದ ಹೊತ್ತಿನಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಅದು. ಮುಂದೆ ಕೊಕ್ಕೋ ಕೊಳ್ಳುವವರು ಹಿಂದೆ ಸರಿದಾಗ ತಾನೇ ಕೊಳ್ಳಲು ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಫ್ಯಾಕ್ಟರಿಯನ್ನೇ ಹಾಕಿತು. ಅಡಿಕೆ, ಆಮೇಲೆ ಕೊಕ್ಕೋ, ಆಮೇಲೆ ಚಾಕೊಲೇಟ್. ಎಲ್ಲ ಒಂದೇ ಮಳೆಗಾಲದಲ್ಲಲ್ಲ. ಹಾಗಂತ ಗುಣಮಟ್ಟ ಇದ್ದರೆ ಉಳಿದೇ ಉಳಿಯುತ್ತೇವೆ ಎಂದೂ ಇಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಶುರು ಮಾಡಿದ ಮಂಗಳೂರು ಹಂಚು ಕೆಟ್ಟದಾಗಲಿಲ್ಲ, ಜನ ತಾರಸಿ ಮನೆ ಕಟ್ಟಿಸಿದರು, ಚಿಮಣಿಗಳು ಒಂದೊಂದಾಗಿ ಆರಿದವು.

ಮೇಸ್ತ್ರಿಯನ್ನು ಬಿಡಿಸಬೇಡಿ. ಬೊರ್ಮಾದಿಂದ ತೆಗೆದ ತಿರುಳನ್ನು ಬೆರಳಲ್ಲಿ ಒತ್ತಿ "ಇನ್ನೂ ಆಗಿಲ್ಲ" ಎನ್ನುವ ಅವರ ಲೆಕ್ಕ ನಿಮ್ಮ ಹೊಸ ಹುಡುಗರಿಗೆ ಗೊತ್ತಿಲ್ಲ. ಒಬ್ಬ ಹುಡುಗನ ಕೈಗೆ ತೇವ ಅಳೆಯುವ ಮೀಟರ್ ಕೊಟ್ಟು ಅವರ ಜೊತೆ ನಿಲ್ಲಿಸಿ, ಅವರು ಒತ್ತಿ ಹೇಳಿದ್ದನ್ನೂ ಮೀಟರ್ ತೋರಿಸಿದ್ದನ್ನೂ ಪಕ್ಕಪಕ್ಕ ಬರೆಯಲಿ. ಬೈಯುವುದನ್ನು ಮಾತ್ರ ನಿಲ್ಲಿಸಲು ಹೇಳಿ. ಒಪ್ಪದಿದ್ದರೆ ಆಗ ಯೋಚಿಸಿ.

ವಾಪಸ್ ಬಂದದ್ದನ್ನು ಹೊಸ ಟಿನ್‌ಗೆ ತುಂಬಿ ಬೇರೆ ಕಡೆ ಕಳಿಸುವ ಆಲೋಚನೆ ಪತ್ರದ ಕೊನೆಗೆ ಇಣುಕಿದೆ. ಅದು ಬೇಡ. ತುಂಡನ್ನು ತುಂಡೆಂದೇ ಸ್ವೀಟ್ ಅಂಗಡಿಯವರಿಗೆ ಕೊಡಿ. ಮೆತ್ತಗಾದ ಟಿನ್‌ಗಳನ್ನು ಒಂದೊಂದಾಗಿ ತೆರೆದು ವಾಸನೆ ನೋಡಿ, ಕಮಟು ಬಂದದ್ದನ್ನು ಎಸೆಯಿರಿ, ನಷ್ಟವನ್ನು ಮೆಷಿನ್ ಖರ್ಚಿನ ಪುಟದಲ್ಲೇ ಬರೆದುಕೊಳ್ಳಿ.

– ಸಂಪಾದಕ