ಕೊಡಗಿನ ತೋಟಗಳಲ್ಲಿ ಸಿಲ್ವರ್ ಓಕ್ ಏಕೆ ಹೆಚ್ಚಿತು

ಇಷ್ಟು ಹಳೆಯ ಕಾಫಿ ನಾಡಿನಲ್ಲಿ ಕಾಫಿಗೆ ನೆರಳಾಗಿ ಸಾಲುಗಟ್ಟಿ ನಿಂತಿರುವುದು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಏಕೆ ಎಂದು ಕೇಳಿದಿರಿ. ಬೆಳೆಗಾರರ ದುರಾಸೆಯೇ ಕಾರಣ ಎಂದು ಹೊರಗಿನವರು ಸುಲಭವಾಗಿ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಮರ ಉಳಿಯಲೆಂದು ಮಾಡಿದ ನಿಯಮಗಳೇ ಕಾಡುಮರಗಳನ್ನು ತೋಟದಿಂದ ಹೊರದಬ್ಬುತ್ತಿವೆ.

ಕೊಡಗಿನ ಬಹಳಷ್ಟು ಜಮೀನಿನಲ್ಲಿ, ಅದರಲ್ಲೂ ಜಮ್ಮಾ ಬಾಣೆಗಳಲ್ಲಿ (ಗದ್ದೆಯ ಜೊತೆಗೆ ವಂಶಪಾರಂಪರ್ಯವಾಗಿ ಬಂದ ಮರಗಳಿರುವ ಎತ್ತರದ ಜಮೀನು), ನೆಲ ತಲೆತಲಾಂತರದಿಂದ ಕುಟುಂಬದ್ದಾದರೂ ಅಲ್ಲಿನ ಕಾಡುಮರಗಳ ಹಕ್ಕು ಸರ್ಕಾರದ್ದು. ಹಿಂದೆಯೇ ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ಹಕ್ಕು ಬಿಡಿಸಿಕೊಂಡವರ ಮಾತು ಬೇರೆ. ಇದರ ಮೇಲೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಬೀಟೆ, ಹೊನ್ನೆ, ಮತ್ತಿಯಂಥ ಕಾಡುಮರ ಕಡಿಯಲು ಅನುಮತಿ ಬೇಕು. ಸಿಲ್ವರ್ ಓಕ್ ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿದೆ.

ಕಳೆ ತೆಗೆಯುವ ಕಾಲದಲ್ಲಿ ತೋಟಕ್ಕೆ ಬನ್ನಿ. ಕಾಫಿ ಗಿಡಗಳ ನಡುವೆ ತಾನಾಗಿ ಎದ್ದ ಮೊಣಕಾಲೆತ್ತರದ ಬೀಟೆ ಸಸಿ ಕಾಣುತ್ತದೆ. ಕಳೆಯ ಜೊತೆ ಅದೂ ಕತ್ತಿಗೆ ಸಿಗುತ್ತದೆ. ಯಾರೂ ಕೇಳುವುದಿಲ್ಲ, ಏಕೆಂದರೆ ಅದಿನ್ನೂ ಮರವಲ್ಲ. ಬಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ನೆರಳು ನಿಜ. ಆದರೆ ಮಳೆಗಾಲದ ಗಾಳಿಗೆ ಉರುಳಿ ಕಾಫಿ ಗಿಡಗಳನ್ನು ಮುರಿದರೂ ದಿಮ್ಮಿ ಸಾಗಿಸಲು ಕಚೇರಿ ಸುತ್ತಬೇಕು. ಅದೇ ಜಾಗಕ್ಕೆ ಸಿಲ್ವರ್ ಓಕ್ ನೆಟ್ಟರೆ ಬೇಗ, ನೆಟ್ಟಗೆ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಬಹುದು, ಮಗಳ ಮದುವೆಗೆ ಕಡಿದು ಮಾರಬಹುದು. ಎರಡು ಎಕರೆಯವರು ಯಾವುದನ್ನು ಆರಿಸಿಕೊಂಡಾರು?

ಹೀಗೆ ಯಾವ ದೊಡ್ಡ ಮರಕ್ಕೂ ಕೊಡಲಿ ತಾಗದೆಯೇ ಒಂದು ತಲೆಮಾರಿನ ಕಾಡುಮರಗಳು ಇಲ್ಲವಾಗುತ್ತವೆ. ಹಕ್ಕಿಗಳಿಗೆ ಹಣ್ಣಿಲ್ಲ. ಸಿಲ್ವರ್ ಓಕ್ ಎಲೆ ಬೇಗ ಕೊಳೆಯುವುದೂ ಇಲ್ಲ.

ಹಾಗೆಂದು ನಿಯಮವನ್ನೇ ಸಡಿಲಿಸಿದರೆ? ನಮ್ಮ ಗಡಿಯಾಚೆಯ ವಯನಾಡಿನಲ್ಲಿ ಅದೂ ಆಯಿತು. ಪಟ್ಟಾ ಜಮೀನಿನ ಮರಗಳ ಬಗ್ಗೆ ಕೇರಳ ಸರ್ಕಾರ 2020ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶದ ನೆಪದಲ್ಲಿ ಮುಟ್ಟಿಲ್‌ನಲ್ಲಿ ಹಳೆಯ ಬೀಟೆ ಮರಗಳು ಉರುಳಿದವು. 2021ರ ಫೆಬ್ರವರಿಯಲ್ಲಿ ಆದೇಶ ಹಿಂದಕ್ಕೆ ಹೋಯಿತು.

ನನ್ನ ಬೇಡಿಕೆ ಇಷ್ಟೇ: ಈಗಿರುವ ಹಳೆಯ ಮರಗಳಿಗೆ ಕಾವಲು ಹಾಗೆಯೇ ಇರಲಿ. ಇನ್ನು ಮುಂದೆ ಬೆಳೆಸುವ ಕಾಡುಮರದ ಸಸಿಯನ್ನು ಬೆಳೆಗಾರರ ಹೆಸರಿನಲ್ಲಿ ದಾಖಲಿಸಲಿ, ಅದು ಬಲಿತಾಗ ಬರುವ ಹಣ ಬೆಳೆಸಿದ ಮನೆಗೆ ಸೇರಲಿ.