ಸಂಪಾದಕರ ಉತ್ತರ: ಆ ನಕ್ಷೆ 1891ರದ್ದಲ್ಲ

ಪ್ರಿಯ ಓದುಗರೇ, ನಮಸ್ಕಾರ.

ಹೆಸರು ಹಾಕಬೇಡಿ ಅಂದಿದ್ರಿ, ಹಾಕಿಲ್ಲ. ಉತ್ತರ ಲೇಟಾಯ್ತು, ಅದಕ್ಕೆ ಕಾರಣಾನೂ ನಿಮ್ಮ ಪತ್ರಾನೇ, ಯಾಕಂದ್ರೆ ಅದನ್ನ ಓದಿದ ಮೇಲೆ ನಾವೆಲ್ಲ ಆ ನಕ್ಷೆನ ಮತ್ತೆ ಹೊರಗೆ ತೆಗೆದು ಭೂತಗನ್ನಡಿ ಹಿಡ್ಕೊಂಡು ಕೂತ್ವಿ. ಬೇರೆ ಓದುಗರಿಗೆ ಗೊತ್ತಾಗ್ಲಿ ಅಂತ ಹೇಳ್ತೀನಿ: ಹೋದ ಸಂಚಿಕೆ ನಡುಪುಟದಲ್ಲಿ ಉತ್ತರ ಅಮೆರಿಕದ ಮೂಲನಿವಾಸಿಗಳ ಭಾಷೆಗಳ ಹಳೇ ಬಣ್ಣದ ನಕ್ಷೆ ಹಾಕಿ, ಕೆಳಗೆ "1891ರಲ್ಲಿ ಉತ್ತರ ಅಮೆರಿಕದ 58 ಭಾಷೆಗಳು" ಅಂತ ಕ್ಯಾಪ್ಶನ್ ಕೊಟ್ಟಿದ್ವಿ. ಇವರು ಮೂರು ಪ್ರಶ್ನೆ ಕೇಳಿದಾರೆ. ಅಲಾಸ್ಕಾ ಕಡೆ ಇರೋ ಬಣ್ಣಾನೇ ಕೆಳಗೆ ಮರುಭೂಮಿ ಹತ್ರಾನೂ ಇದೆಯಲ್ಲ, ಪ್ರಿಂಟರ್ ತಪ್ಪಾ? ಪಶ್ಚಿಮದ ಅಂಚಲ್ಲಿ ಯಾಕೆ ಅಷ್ಟೊಂದು ಚಿಕ್ಕ ಚಿಕ್ಕ ಬಣ್ಣ? 1891ರ ನಕ್ಷೆ ಅಂತೀರಿ, ಇಂಗ್ಲಿಷ್ ಎಲ್ರೀ?

ಮೂರನೇದು ಓದ್ತಿದ್ದ ಹಾಗೇ ನಮಗೆ ತಲೆ ಬಿಸಿಯಾಯ್ತು, ಅದನ್ನೇ ಮೊದಲು ತಗೋತೀನಿ. ತಪ್ಪು ನಮ್ಮದು. ಅಷ್ಟು ಚಿಕ್ಕ ಕ್ಯಾಪ್ಶನ್‌ನಲ್ಲಿ ಎರಡು ತಪ್ಪು ಮಾಡಿದೀವಿ. 58 ಅನ್ನೋದು ಭಾಷೆಗಳ ಲೆಕ್ಕ ಅಲ್ಲ, ಭಾಷಾ ಕುಟುಂಬಗಳ ಲೆಕ್ಕ, ಅಂದ್ರೆ ಕನ್ನಡ ತಮಿಳು ತುಳು ಎಲ್ಲ ಸೇರಿ ಒಂದು ಅಂತ ಎಣಿಸ್ತೀವಲ್ಲ ಆ ಥರ 58 ಮನೆತನ. ಇದು ಹೋಗ್ಲಿ, ತಿದ್ದಿದ್ರೆ ಮುಗೀತು. ಎರಡನೇದು ದೊಡ್ಡದು: 1891 ಅನ್ನೋದು ಆ ಹಾಳೆ ಅಚ್ಚಾದ ವರ್ಷ, ಆ ಹಾಳೆ ತೋರಿಸೋ ವರ್ಷ ಅಲ್ಲ.

ಅದನ್ನ ಮಾಡ್ಸಿದ್ದು ಜಾನ್ ವೆಸ್ಲಿ ಪೊವೆಲ್. ಅಮೆರಿಕದ ಅಂತರ್ಯುದ್ಧದಲ್ಲಿ, 1862ರ ಶೈಲೋ ಕಾಳಗದಲ್ಲಿ ಬಲಗೈ ಕಳ್ಕೊಂಡು, 1869ರಲ್ಲಿ ಉಳಿದ ಒಂದೇ ಕೈಲಿ ಕೊಲರಾಡೋ ನದಿಗೆ ದೋಣಿ ಇಳಿಸಿ ಗ್ರ್ಯಾಂಡ್ ಕ್ಯಾನಿಯನ್ ದಾಟಿ ಬಂದ ಆಸಾಮಿ (ಆ ಕಥೆ ಇನ್ನೊಂದು ಸಲ, ಶುರು ಮಾಡಿದ್ರೆ ನಿಲ್ಲಲ್ಲ). 1879ರಲ್ಲಿ ವಾಷಿಂಗ್ಟನ್ನಿನಲ್ಲಿ ಬ್ಯೂರೋ ಆಫ್ ಎಥ್ನಾಲಜಿ (ಮೂಲನಿವಾಸಿಗಳ ಬಗ್ಗೆ ಅಧ್ಯಯನ ಮಾಡೋ ಸರ್ಕಾರಿ ಕಚೇರಿ) ಶುರುವಾದಾಗಿಂದ 1902ರಲ್ಲಿ ಸಾಯೋವರೆಗೂ ಅದರ ಮುಖ್ಯಸ್ಥರು ಅವರೇ. ಈ ನಕ್ಷೆ ಇರೋದು ಆ ಬ್ಯೂರೋದ ಏಳನೇ ವಾರ್ಷಿಕ ವರದಿಯಲ್ಲಿ, ಮಜಾ ನೋಡಿ, ಆ ವರದಿ 1885-86ನೇ ಸಾಲಿಂದು, ಅಚ್ಚಾಗಿ ಹೊರಗೆ ಬಂದಿದ್ದು 1891ರಲ್ಲಿ. ಇಷ್ಟಕ್ಕೇ ಎರಡು ಇಸವಿ ಆಯ್ತು. ಇನ್ನು ಬಣ್ಣ ಹಚ್ಚಿದ್ದು ಯಾವ ಕಾಲಕ್ಕೆ ಅಂದ್ರೆ, ಯುರೋಪಿನವರು ಮೊದಲು ಬಂದು ನೋಡಿದಾಗ ಯಾವ ಜನ ಎಲ್ಲಿದ್ರೋ ಆ ಕಾಲಕ್ಕೆ. ಅದು ಎಲ್ಲಾ ಕಡೆ ಒಂದೇ ಕಾಲ ಅಲ್ವಲ್ಲ! ಪೂರ್ವ ಕರಾವಳಿಗೆ ಬಿಳಿಯರು 1500, 1600ರ ಹೊತ್ತಿಗೇ ಬಂದಿದ್ರು, ಪಶ್ಚಿಮದ ಎಷ್ಟೋ ಕಣಿವೆಗಳಿಗೆ ಅವರು ಕಾಲಿಟ್ಟಿದ್ದೇ 1800 ದಾಟಿದ ಮೇಲೆ. ಒಂದು ಫ್ಯಾಮಿಲಿ ಗ್ರೂಪ್ ಫೋಟೋ ಅಂತ ನಾವು ಅಂದ್ಕೊಂಡಿದ್ದು ನಿಜವಾಗಿ ಬೇರೆ ಬೇರೆ ಶತಮಾನದಲ್ಲಿ ತೆಗೆದ ಪಾಸ್‌ಪೋರ್ಟ್ ಫೋಟೋಗಳನ್ನ ಒಂದೇ ರಟ್ಟಿಗೆ ಅಂಟಿಸಿದ್ದು.

ಬೇಕಾದ್ರೆ ನಕ್ಷೆ ಮೇಲೇ ಬೆರಳಿಟ್ಟು ನೋಡಿ. ಬಲಗಡೆ ಮೇಲೆ ನ್ಯೂಫೌಂಡ್‌ಲ್ಯಾಂಡ್ ದ್ವೀಪಕ್ಕೆ ಬಿಯೋಥಕ್ ಅಂತ ಬೇರೇನೇ ಬಣ್ಣ ಇದೆ. ಆ ಜನರಲ್ಲಿ ಗೊತ್ತಿರೋ ಕೊನೆಯವಳು ಶನಾವ್ಡಿತಿಟ್ ಅನ್ನೋ ಹೆಣ್ಣುಮಗಳು, 1829ರಲ್ಲಿ ಕ್ಷಯದಿಂದ ತೀರ್ಕೊಂಡಳು. ನಕ್ಷೆ ಅಚ್ಚಾಗೋ ಹೊತ್ತಿಗೆ 62 ವರ್ಷ ಆಗಿತ್ತು. ಕೆಳಗೆ ಫ್ಲಾರಿಡಾಕ್ಕೆ ಬನ್ನಿ, ಅಲ್ಲಿ ಟಿಮುಕ್ವಾ. ಪರೇಹಾ ಅನ್ನೋ ಸ್ಪೇನಿನ ಪಾದ್ರಿ ಆ ಭಾಷೆಯಲ್ಲಿ 1612ರಲ್ಲೇ ಪುಸ್ತಕ ಅಚ್ಚು ಹಾಕ್ಸಿದ್ರು, ಪೊವೆಲ್ ಕಾಲಕ್ಕೆ ಅದನ್ನ ಆಡೋರು ಒಬ್ಬರೂ ಇರಲಿಲ್ಲ. ಚೆರೋಕೀ ಜನರದ್ದು ಇನ್ನೂ ವಿಚಿತ್ರ, ಅವರು ಸತ್ತಿರಲಿಲ್ಲ, ಇದ್ರು, ಆದ್ರೆ ನಕ್ಷೆ ತೋರಿಸೋ ಜಾಗದಲ್ಲಿ ಬಹುಪಾಲು ಜನ ಇರಲಿಲ್ಲ, 1838-39ರಲ್ಲಿ ಸೈನ್ಯ ಬಂದು ಅಪಲೇಶಿಯನ್ ಬೆಟ್ಟಗಳಿಂದ ಎಬ್ಬಿಸಿ ಈಗಿನ ಓಕ್ಲಹೋಮಾ ಕಡೆ ಓಡಿಸಿತ್ತು, ದಾರೀಲೇ ಸಾವಿರಾರು ಜನ ಸತ್ತರು. ಸೆಕ್ವೋಯಾ ಅನ್ನೋ ಅವರದೇ ಮನುಷ್ಯ ಮಾಡಿಕೊಟ್ಟ ಲಿಪಿಯಲ್ಲಿ ಓದಿ ಬರೆದು ಮಾಡ್ತಿದ್ದ ಜನ ಅವರು. 1891ರಲ್ಲಿ ಅವರಲ್ಲಿ ಹೆಚ್ಚಿನವರು ಓಕ್ಲಹೋಮಾದಲ್ಲಿದ್ರು, ನಕ್ಷೆಯಲ್ಲಿ ಅವರ ಬಣ್ಣ ಇರೋದು ಬೆಟ್ಟದಲ್ಲೇ.

ಹಾಗಾಗಿ ಇಂಗ್ಲಿಷ್ ಎಲ್ಲಿ ಅಂತ ಕೇಳಿದ್ರಲ್ಲ, ಅದಕ್ಕೆ ಸುಲಭದ ಉತ್ತರ, ಇದು ಮೂಲನಿವಾಸಿಗಳ ಭಾಷೆಗಳ ನಕ್ಷೆ ಅಂತ ತಲೆಬರಹದಲ್ಲೇ ಇದೆ, ಇಂಗ್ಲಿಷ್ ಇರಲ್ಲ. ಆದ್ರೆ ಆ ಉತ್ತರ ಕೊಟ್ಟು ಕೈ ತೊಳ್ಕೊಳೋಕೆ ನಂಗೆ ಮನಸಿಲ್ಲ. 1890ರ ಡಿಸೆಂಬರ್ 29ಕ್ಕೆ ವೂಂಡೆಡ್ ನೀ ಅನ್ನೋ ಕಡೆ ಅಮೆರಿಕದ ಸೈನ್ಯ ಲಕೋಟಾ ಜನರನ್ನ, ಹೆಂಗಸರು ಮಕ್ಕಳು ಅನ್ನದೆ, ಕೊಂದುಹಾಕ್ತು. ಅದಾಗಿ ಮುಂದಿನ ವರ್ಷ ಹೊರಬಂದ ಸರ್ಕಾರದ್ದೇ ನಕ್ಷೆಯಲ್ಲಿ ಲಕೋಟಾ ಸೇರೋ ಸೂ ಕುಟುಂಬದ ಬಣ್ಣ ನಡುನಾಡಿನ ಬಯಲಿನ ಉದ್ದಕ್ಕೂ ಧಾರಾಳವಾಗಿ ಹರಡಿದೆ. ಪೊವೆಲ್ ಮೋಸ ಮಾಡಿದ್ರು ಅಂತಲ್ಲ, ಹಳೇ ಕಾಲದ ನಕ್ಷೆ ಇದು ಅಂತ ಅವರು ಒಳಗೆ ಬರೆದೇ ಇದಾರೆ. ಆದ್ರೆ ಒಳಗಿನ ಬರಹ ಎಷ್ಟು ಜನ ಓದ್ತಾರೆ? ನಾವೇ ಓದದೆ ಕ್ಯಾಪ್ಶನ್ ಹಾಕಿದ್ವಿ.

ಮೊದಲನೇ ಪ್ರಶ್ನೆ. ಪ್ರಿಂಟರ್ ತಪ್ಪಲ್ಲ, ಆ ನಕ್ಷೆಯ ಜಾಣತನ ಇರೋದೇ ಅಲ್ಲಿ. ಅದು ಅಥಾಪಾಸ್ಕನ್ ಕುಟುಂಬ. ಅಲಾಸ್ಕಾ ಮತ್ತು ಕೆನಡಾದ ವಾಯವ್ಯದ ಕಾಡುಗಳಲ್ಲಿ ಒಂದು ದೊಡ್ಡ ಗುಂಪು, ಆಮೇಲೆ ಸಾವಿರಾರು ಕಿಲೋಮೀಟರ್ ಕೆಳಗೆ ಅರಿಝೋನಾ, ನ್ಯೂ ಮೆಕ್ಸಿಕೋದಲ್ಲಿ ನವಾಹೋ ಮತ್ತು ಅಪಾಚೆಗಳು, ಮಧ್ಯೆ ಪೆಸಿಫಿಕ್ ದಂಡೆ ಹತ್ರ ಒಂದೆರಡು ಚೂರು. ನವಾಹೋದಲ್ಲಿ ನೀರಿಗೆ 'ತೋ' ಅಂತಾರೆ, ಕೆನಡಾದ ಚಿಪೆವ್ಯಾನ್ ಭಾಷೆಯಲ್ಲಿ 'ತು'. ಇದೊಂದೇ ಪದ ಆಗಿದ್ರೆ ಕಾಕತಾಳೀಯ ಅನ್ನಬಹುದಿತ್ತು, ಆದ್ರೆ ಇಂಥವು ಸಾಲುಸಾಲಾಗಿ ಸಿಗ್ತವೆ. ಉತ್ತರದಿಂದ ಕೆಲವರು ಕೆಳಗೆ ಇಳಿದು ಬಂದ್ರು ಅಂತ ಅರ್ಥ.

ಪೊವೆಲ್ ಕಡೆಯವರು ಕೆಲಸ ಮಾಡಿದ್ದೂ ಹೀಗೇ, ಕೈ, ತಲೆ, ಬೆಂಕಿ, ನೀರು ಅಂತ ದಿನಬಳಕೆ ಪದಗಳ ಖಾಲಿ ಫಾರ್ಮ್ ಅಚ್ಚು ಮಾಡಿಸಿ ಊರೂರಿನ ಪಾದ್ರಿ, ಮಿಲಿಟರಿ ಅಧಿಕಾರಿ ಅಂಥೋರಿಗೆಲ್ಲ ಹಂಚಿ ತುಂಬಿಸ್ಕೊಂಡು ಬಂದು ಅಕ್ಕಪಕ್ಕ ಇಟ್ಟು ಹೋಲಿಸೋದು. ವ್ಯಾಕರಣಕ್ಕೆ ಕೈ ಹಾಕ್ಲಿಲ್ಲ, ಪದ ಹೋಲುತ್ತೋ ಇಲ್ವೋ ಅಷ್ಟೇ.

ಎರಡನೇದು, ಪಶ್ಚಿಮದ ಅಂಚಿನ ಚಿಕ್ಕ ಚಿಕ್ಕ ಬಣ್ಣ, ಅಂದ್ರೆ ಕ್ಯಾಲಿಫೋರ್ನಿಯಾ. 58ರಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಆ ಒಂದೇ ಪ್ರದೇಶದಲ್ಲಿ ಸೇರ್ಕೊಂಡಿದೆ. ಬೆಟ್ಟ, ಕಣಿವೆ, ಹೊಳೆ, ಓಕ್ ಮರದ ಕಾಯಿ, ಮೀನು, ಎಲ್ಲ ಕೈಗೆಟಕೋ ಹಾಗಿದ್ದಾಗ ಚಿಕ್ಕ ಚಿಕ್ಕ ಜನಸಮೂಹಗಳು ಇದ್ದಲ್ಲೇ ಇರಬಹುದು, ಪಕ್ಕದವರ ಭಾಷೆಗೆ ಬದಲಾಗೋ ಅಗತ್ಯ ಇರಲಿಲ್ಲ. ಹೆಸರುಗಳು ಮಾತ್ರ ತಮಾಷೆ. ಪೊವೆಲ್ ಒಂದು ರೂಲ್ ಮಾಡ್ಕೊಂಡಿದ್ರು: ಆಲ್ಬರ್ಟ್ ಗ್ಯಾಲಟಿನ್ (ಹಿಂದೆ ಅಮೆರಿಕದ ಹಣಕಾಸು ಮಂತ್ರಿ ಆಗಿದ್ದವರೇ) 1836ರಲ್ಲಿ ಮಾಡಿದ ಪಟ್ಟಿಯಿಂದ ಈಚೆಗೆ ಯಾವ ಹೆಸರು ಮೊದಲು ಅಚ್ಚಾಗಿದ್ಯೋ ಅದೇ ಫೈನಲ್. ಇದರಿಂದ ಯೋಕಟ್ಸ್ ಅನ್ನೋ ಜನರ ಭಾಷೆಗಳಿಗೆ 'ಮಾರಿಪೋಸನ್' ಅಂತ ಬಂದು ಕೂತಿದೆ, ಮಾರಿಪೋಸಾ ಅಂದ್ರೆ ಸ್ಪ್ಯಾನಿಷ್‌ನಲ್ಲಿ ಚಿಟ್ಟೆ. ಆ ಪಾಪದ ಜನರನ್ನ ಒಂದು ಮಾತು ಕೇಳಿದ್ರೆ ಏನಾಗ್ತಿತ್ತು!

ಇದನ್ನ ನಂಬಬಹುದಾ, ಫ್ರೇಮ್ ಹಾಕಿಸಲಾ ಅಂತ ಕೊನೆಗೆ ಕೇಳಿದೀರಿ. ಧಾರಾಳವಾಗಿ ಹಾಕಿಸಿ. ಬೇರೆ ಬೇರೆ ಬಣ್ಣ ಕೊಟ್ಟ ಕುಟುಂಬಗಳಲ್ಲಿ ಕೆಲವು ಆಮೇಲೆ ಸಂಬಂಧಿಗಳು ಅಂತ ಗೊತ್ತಾಗಿದೆ, ಅದೊಂದು ನೆನಪಿರಲಿ. ಕ್ಯಾಲಿಫೋರ್ನಿಯಾದ ಉತ್ತರ ದಂಡೇಲಿ ಭೂತಗನ್ನಡಿ ಇಟ್ರೆ ಮಾತ್ರ ಕಾಣೋ ಎರಡು ಚುಕ್ಕೆ ಇವೆ, ಯುರೋಕ್ ಮತ್ತು ವಿಯೋಟ್, ಪೊವೆಲ್ ಎರಡಕ್ಕೂ ಬೇರೆ ಬೇರೆ ಬಣ್ಣ ಕೊಟ್ಟಿದಾರೆ. 1913ರಲ್ಲಿ ಎಡ್ವರ್ಡ್ ಸಪೀರ್ ಅನ್ನೋ ಭಾಷಾವಿಜ್ಞಾನಿ, ಇವೆರಡೂ ಖಂಡದ ಆ ತುದಿಯಲ್ಲಿರೋ ಅಲ್ಗೊಂಕಿಯನ್ ಭಾಷೆಗಳ ಸಂಬಂಧಿಗಳು ಅಂದ್ರು. ಪೊವೆಲ್ ಕಟ್ಟಿದ ಬ್ಯೂರೋದಲ್ಲೇ ಇದ್ದ ಟ್ರೂಮನ್ ಮೈಕೆಲ್ಸನ್ ಸಾಧ್ಯಾನೇ ಇಲ್ಲ ಅಂತ ಹಟ ಹಿಡಿದ್ರು, ಜಗಳ ದಶಕಗಟ್ಟಲೆ ಎಳೀತು, 1958ರಲ್ಲಿ ಮೇರಿ ಹಾಸ್ ಅನ್ನೋ ಭಾಷಾವಿಜ್ಞಾನಿ ಬರೆದ ಮೇಲೆ ಸಪೀರ್ ಹೇಳಿದ್ದೇ ಸರಿ ಅಂತ ಉಳಿದ ವಿದ್ವಾಂಸರು ಒಪ್ಕೊಂಡ್ರು.

ನಾವು ಹಾಕಿದ ಸೈಜಿನಲ್ಲಿ ಆ ಚುಕ್ಕೆಗಳು ಕಾಣಲ್ಲ. ಅದಕ್ಕೇ ದೊಡ್ಡ ಸ್ಕ್ಯಾನ್ ನಿಮ್ಮ ಇಮೇಲ್‌ಗೆ ಕಳಿಸಿದೀವಿ, ಫೈಲು ಭಾರ ಇದೆ, ಫೋನಲ್ಲಿ ತೆಗೀಬೇಡಿ. ಕ್ಯಾಪ್ಶನ್ ಮುಂದಿನ ಸಂಚಿಕೆಯಲ್ಲಿ ಹೀಗೆ ಬರುತ್ತೆ: "ಮೆಕ್ಸಿಕೋದಿಂದ ಉತ್ತರಕ್ಕೆ ಮೂಲನಿವಾಸಿಗಳ 58 ಭಾಷಾ ಕುಟುಂಬಗಳು, ಯುರೋಪಿನವರು ಮೊದಲು ಕಂಡಾಗ ಇದ್ದಂತೆ, ಅಚ್ಚಾಗಿದ್ದು 1891." ಉದ್ದ ಆಯ್ತು ಅಂತ ನಮ್ಮ ಪುಟವಿನ್ಯಾಸದ ಹುಡುಗ ಗೊಣಗ್ತಿದಾನೆ, ಇರಲಿ ಬಿಡಿ.

ಇಂತಿ,
ಸಂಪಾದಕ