ಜರ್ಮನ್ ಎಷ್ಟು ಕಲಿಯಬೇಕು ಎಂದು ಕೇಳಿದ ಉಡುಪಿಯ ತಂಗಿಗೆ

ತಂಗಿ,

ಜರ್ಮನಿಯ ಫ್ರೈಬೆರ್ಗ್‌ನಲ್ಲಿ ಭೂವಿಜ್ಞಾನದ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ ಎಂದು ಬರೆದಿದ್ದೀಯಲ್ಲ, ಓದಿ ತುಂಬಾ ಖುಷಿಯಾಯಿತು. ಪಾಠವೆಲ್ಲ ಇಂಗ್ಲಿಷ್‌ನಲ್ಲೇ ಅಂತೆ, ಹಾಗಿದ್ದರೆ ಜರ್ಮನ್ ಕಲಿಯಲೇಬೇಕಾ, ಎ1 ಅನ್ನುವ ಮೊದಲ ಹಂತ ಸಾಕಾ ಅಂತ ಕೇಳಿದ್ದೀ. ನಿನ್ನ ಗೆಳತಿಗೆ ಭೂಗೋಳ ಓದುವುದೋ ವೃದ್ಧಾಪ್ಯ ಅಧ್ಯಯನವೋ ಎಂಬ ಗೊಂದಲವಂತೆ.

ಬೇಗ ಹೇಳಿ ಮುಗಿಸುವ ವಿಷಯಗಳು ಮೊದಲು. ವೀಸಾಗೆ ಎಪಿಎಸ್ ಪ್ರಮಾಣಪತ್ರ, ಅಂದರೆ ನಮ್ಮ ಅಂಕಪಟ್ಟಿ ಪದವಿಗಳನ್ನು ಪರಿಶೀಲಿಸಿ ಕೊಡುವ ಪತ್ರ, ಬೇಕು, 2022ರ ನವೆಂಬರ್‌ನಿಂದ ಅದು ಕಡ್ಡಾಯ. ತಡವಾಗುತ್ತದೆ, ಈಗಲೇ ಅರ್ಜಿ ಹಾಕು. ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ಹಣ ತೆಗೆಯಬಹುದಾದ ಖಾತೆಯಲ್ಲಿ, ಒಂದು ವರ್ಷದ ಖರ್ಚು ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು 11,904 ಯೂರೋಗೆ ಏರಿಸಿದರು. ಟಿಕೆಟ್ ತೆಗೆಯುವಾಗ ಊರಿನ ಹೆಸರು ಎರಡು ಸಲ ನೋಡಿಕೋ. ಫ್ರೈಬುರ್ಗ್ ಅಂತ ಇನ್ನೊಂದು ಊರಿದೆ, ದೇಶದ ಇನ್ನೊಂದು ಮೂಲೆಯಲ್ಲಿ. ನಿನ್ನದು ಡ್ರೆಸ್ಡೆನ್ ಹತ್ತಿರದ್ದು. ಕುಚ್ಚಲಕ್ಕಿ ಎರಡು ಕೆಜಿ ತಾ, ಜಾಸ್ತಿ ಬೇಡ.

ಗೆಳತಿಗೆ ಹೇಳು, ಭೂಗೋಳಕ್ಕೆ ಬರುವುದಾದರೆ ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡುವ ಜಿಐಎಸ್ ಚೆನ್ನಾಗಿ ಕಲಿತು ಬರಲಿ. ವೃದ್ಧಾಪ್ಯ ಅಧ್ಯಯನಕ್ಕೆ ಫೆಖ್ಟಾ, ಹೈಡೆಲ್‌ಬೆರ್ಗ್ ವಿಶ್ವವಿದ್ಯಾಲಯಗಳು ಹೆಸರಾದ ಜಾಗಗಳು. ಹೈಡೆಲ್‌ಬೆರ್ಗ್‌ನಲ್ಲಿ ಈ ವಿಷಯವನ್ನು ಕಟ್ಟಿ ಬೆಳೆಸಿದ ಉರ್ಸುಲಾ ಲೇರ್ 1988ರಲ್ಲಿ ಕೇಂದ್ರ ಸಚಿವೆಯೂ ಆದರು. ಆದರೆ ಅದು ಮುದುಕರ ಹತ್ತಿರ ಕೂತು ಮಾತಾಡಿ ಕಲಿಯುವ ಓದು. ಜರ್ಮನ್ ಬಾರದೆ ಆಗುವುದೇ ಇಲ್ಲ.

ನಿನ್ನ ಓದಿಗೆ ಎ1 ಸಾಕು, ಪರೀಕ್ಷೆಗಳನ್ನು ಪಾಸಾಗುತ್ತೀ. ಆದರೂ ಮೂರನೇ ಹಂತವಾದ ಬಿ1 ಮುಗಿಸಿಯೇ ವಿಮಾನ ಹತ್ತು. ಯಾಕೆ ಅಂತ ಹೇಳುತ್ತೇನೆ.

ನಾನು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮರೈನ್ ಜಿಯಾಲಜಿ ಮುಗಿಸಿ 2009ರ ಅಕ್ಟೋಬರ್‌ನಲ್ಲಿ ಅದೇ ಊರಿಗೆ ಬಂದೆ. 1765ರಲ್ಲಿ ಗಣಿ ವಿದ್ಯೆಗೆಂದೇ ಶುರುವಾದ ವಿಶ್ವವಿದ್ಯಾಲಯ ಅದು. ವಿಜ್ಞಾನಿ ಹುಂಬೋಲ್ಟ್ ಓದಿದ ಜಾಗ, ಜರ್ಮೇನಿಯಂ ಧಾತು ಸಿಕ್ಕಿದ ಜಾಗ. ಮೊದಲ ವಾರವೇ ಹೆಲ್ಮೆಟ್ಟು, ದೀಪ ಕೊಟ್ಟು ರೈಖೆ ಝೆಖೆ ಗಣಿಗೆ ಇಳಿಸಿದರು. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಲ್ಲುಕಂಬ ನೋಡಿಯೇ ಈ ಓದಿಗೆ ಬಿದ್ದವಳು ನಾನು. ನೆಲದೊಳಗೆ ಅಷ್ಟು ಆಳದಲ್ಲಿ ನಿಂತಾಗ ಅಪ್ಪನಿಗೆ ಒಮ್ಮೆ ತೋರಿಸಬೇಕಿತ್ತು ಅನ್ನಿಸಿತು.

ಬಾಡಿಗೆಗೆ ಮಹಡಿಯ ಮೇಲೆ ಒಂದು ಕೋಣೆ ಸಿಕ್ಕಿತು. ಕೆಳಗೆ ಮನೆಯ ಯಜಮಾನಿ ಅಜ್ಜಿ ಒಬ್ಬರೇ, 82 ವರ್ಷ. ತೀರಿಹೋದ ಅವರ ಗಂಡ ಗಣಿ ಕೆಲಸದವರು. ಆ ಊರಿನ ಗಣಿಗಳು 1969ರಲ್ಲಿ ಮುಚ್ಚಿದವು. ನಾನು ಕಲ್ಲು ಓದಲು ಬಂದವಳು ಅಂತ ಗೊತ್ತಾದದ್ದೇ ತಡ, ಅಜ್ಜಿ ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಕಾಫಿಗೆ ಕರೆಯತೊಡಗಿದರು. ಕೇಕಿನ ತಟ್ಟೆ ಬದಿಗೆ ಸರಿಸಿ, ಕಪಾಟಿನಿಂದ ಒಂದು ಚಪ್ಪಲಿ ಪೆಟ್ಟಿಗೆ ತರುತ್ತಿದ್ದರು. ಅದರಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಕಲ್ಲುಗಳು. ಕೈಗೆ ಭಾರವೆನಿಸುವ ಸೀಸದ ಅದಿರು ಗ್ಯಾಲೀನಾ, ನೇರಳೆ ಫ್ಲೋರೈಟು, ಹಾಲುಬಿಳಿ ಬೆಣಚು. ಒಂದೊಂದನ್ನೇ ಬಿಡಿಸಿ ನನ್ನ ಅಂಗೈಯಲ್ಲಿಟ್ಟು, ಅದು ಯಾವ ಗಣಿಯದು, ಗಂಡ ಯಾವಾಗ ತಂದದ್ದು ಅಂತ ಹೇಳುತ್ತಿದ್ದರು. ನನಗೆ ಕಲ್ಲಿನ ಹೆಸರು ಗೊತ್ತಾಗುತ್ತಿತ್ತು, ಮಾತು ಗೊತ್ತಾಗುತ್ತಿರಲಿಲ್ಲ. ಅದೂ ಆ ಪ್ರಾಂತ್ಯದ, ಸ್ಯಾಕ್ಸನಿಯ ಮಾತು. ಅಲ್ಲಿಯವರು ಹೌದು ಅನ್ನಲು "ನೂ" ಅನ್ನುತ್ತಾರೆ, ನಮ್ಮ ಕಿವಿಗೆ ಅದು ಬೇಡ ಅಂದ ಹಾಗೆ ಕೇಳಿಸುತ್ತದೆ. ನಾನು "ಯಾ, ಯಾ" ಅಂತ ತಲೆ ಆಡಿಸಿ, ಕಾಫಿ ಕುಡಿದು ಮೇಲೆ ಹೋಗುತ್ತಿದ್ದೆ. ಲ್ಯಾಬಿನಲ್ಲಿ ಎಲ್ಲರೂ ಇಂಗ್ಲಿಷ್ ಆಡುತ್ತಿದ್ದರು. ಜರ್ಮನ್ ಕ್ಲಾಸಿಗೆ ಮುಂದಿನ ಸೆಮಿಸ್ಟರ್‌ನಲ್ಲಿ ಸೇರಿದರಾಯಿತು ಅಂದುಕೊಂಡೆ. ಹಾಗೆ ಮೂರು ಸೆಮಿಸ್ಟರ್ ಕಳೆಯಿತು.

ಎರಡನೇ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ಅವರ ಮಗಳು ಬಂದು ಪೆಟ್ಟಿಗೆಯನ್ನು ನನ್ನ ಕೈಗಿತ್ತಳು. ಅಮ್ಮ ನಿನಗೇ ಕೊಡಲು ಹೇಳಿದ್ದಾರೆ, ಇದರ ವಿಷಯ ಎಲ್ಲ ನಿನಗೆ ಹೇಳಿದ್ದಾರಂತೆ ಅಂದಳು. ಹನ್ನೊಂದು ಕಲ್ಲು, ಒಂದಕ್ಕೂ ಚೀಟಿಯಿಲ್ಲ. ನೀನೂ ಇದೇ ಓದಿದವಳು, ಎಲ್ಲಿಂದ ಬಂದದ್ದು ಅಂತ ಗೊತ್ತಿಲ್ಲದ ಸ್ಯಾಂಪಲ್ ಓದಿಗೆ ಉಪಯೋಗಕ್ಕೆ ಬಾರದು ಅಂತ ನಿನಗೆ ಹೇಳಬೇಕಿಲ್ಲ ಅಲ್ವಾ. ಆ ಭಾನುವಾರಗಳಲ್ಲಿ ನಾನೊಂದು ಪೆನ್ನು ಹಿಡಿದು ಕೂತಿದ್ದರೆ ಸಾಕಿತ್ತು. ಮಗಳನ್ನು ಕೇಳಿದೆ, ಅವಳಿಗೂ ಗೊತ್ತಿರಲಿಲ್ಲ.

ಕಿಟೆಲ್ ಈ ದೇಶದಿಂದ ನಮ್ಮ ಕಡೆಗೆ ಬಂದು ಕನ್ನಡ ಕಲಿತರು. ಅವರ ನಿಘಂಟು 1894ರಲ್ಲಿ ಮಂಗಳೂರಿನಿಂದಲೇ ಹೊರಬಂತು. ಅವರ ಮಿಷನ್ ಇದ್ದ ಬಲ್ಮಠದ ದಾರಿಯಲ್ಲಿ ಓಡಾಡಿ ಬೆಳೆದ ನನಗೆ ಒಂದು ಅಜ್ಜಿಯ ಮಾತು ಕಲಿಯುವಷ್ಟು ತಾಳ್ಮೆ ಇರಲಿಲ್ಲ. ಈಗ ಆ ಮಾತೆಲ್ಲ ಅರ್ಥವಾಗುವಷ್ಟು ಜರ್ಮನ್ ಬರುತ್ತದೆ, "ನೂ" ಕೂಡ.

ನೀನು ಹೆದರಬೇಡ, ಕನ್ನಡದವರಿಗೆ ಈ ಭಾಷೆಯಲ್ಲಿ ಒಂದು ಅನುಕೂಲ ಇದೆ. "ವೈಲ್ ಇಷ್ ಮ್ಯೂಡೆ ಬಿನ್" ಅಂದರೆ "ಯಾಕೆಂದರೆ ನಾನು ಸುಸ್ತಾಗಿದ್ದೇನೆ". ಇಂಥ ವಾಕ್ಯದಲ್ಲಿ ಕ್ರಿಯಾಪದ ನಮ್ಮ ಹಾಗೆಯೇ ಕೊನೆಗೆ ಬರುತ್ತದೆ. ವಿಭಕ್ತಿಯೂ ನಮಗೆ ಹೊಸದಲ್ಲ. ಕಷ್ಟ ಇರುವುದು ಲಿಂಗದಲ್ಲಿ. ಕಲ್ಲು ಗಂಡು, ಗಣಿ ಹೆಣ್ಣು, ಬೆಳ್ಳಿ ಎರಡೂ ಅಲ್ಲ. ಪದ ಕಲಿಯುವಾಗಲೇ ಅದರ ಲಿಂಗ ತೋರಿಸುವ ಡೇರ್, ಡೀ, ಡಾಸ್ ಸೇರಿಸಿ ಬಾಯಿಪಾಠ ಮಾಡು. ಬೆಳಿಗ್ಗೆ ಅರ್ಧ ಗಂಟೆ, ಸುಮ್ನೆ ಜೋರಾಗಿ ಓದು. ಅಮ್ಮನಿಗೆ ಕೇಳಿಸಿದರೂ ಪರವಾಗಿಲ್ಲ.

ಬಂದ ಮೇಲೆ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಮರೆಯಬೇಡ. ಆಮೇಲೆ ಒಂದು ಭಾನುವಾರ ನಮ್ಮ ಮನೆಗೆ ಬಾ, ಡ್ರೆಸ್ಡೆನ್ ಸ್ಟೇಷನ್ನಿಂದ ಟ್ರಾಮಿನಲ್ಲಿ ಹತ್ತು ನಿಮಿಷ. ನೀರುದೋಸೆ ಮಾಡುತ್ತೇನೆ. ಬರುವಾಗ ನಿಮ್ಮ ಹಿತ್ತಿಲಿನ ಮುರಕಲ್ಲಿನ ಒಂದು ಚೂರು ತೊಳೆದು ಒಣಗಿಸಿ ತಾ. ಜೊತೆಗೆ ಒಂದು ಚೀಟಿಯಲ್ಲಿ ಊರು, ತಾರೀಕು ಬರೆದಿಡು.